ಇವಿ ಕಾರಿಗೆ ಹೊಸ ಅಪ್‌ಡೇಟ್: ಬಟನ್ ಒತ್ತುವ ಮೊದಲು, ಒತ್ತಿದ ಮೇಲೆ

ಎಲೆಕ್ಟ್ರಿಕ್ ಕಾರಿಗೆ ಹೊಸ ಸಾಫ್ಟ್‌ವೇರ್ ಬಂತೆಂದರೆ ಮಾಲೀಕರಲ್ಲಿ ಎರಡು ಬಣಗಳಾಗುತ್ತವೆ. ‘ರೇಂಜ್ ಏರಿತು, ಪಿಕಪ್ ಚೆನ್ನಾಗಾಯಿತು’ ಎನ್ನುವವರು ಒಂದು ಕಡೆ. ‘ಇದ್ದದ್ದೂ ಹೋಯಿತು, ಹಾಕಿಸಿಕೊಳ್ಳಬೇಡಿ’ ಎನ್ನುವವರು ಇನ್ನೊಂದು ಕಡೆ. ಒಂದೇ ಮಾಡೆಲ್, ಒಂದೇ ಅಪ್‌ಡೇಟ್, ಆದರೂ ಅನುಭವ ಬೇರೆ ಬೇರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅಪ್‌ಡೇಟ್‌ಗೆ ಮೊದಲು ಕಾರು ಹೇಗಿತ್ತು ಎಂಬ ಲೆಕ್ಕ ಮಾತ್ರ ಬಹುತೇಕರ ಬಳಿ ಇರುವುದಿಲ್ಲ. ಆ ಲೆಕ್ಕವೊಂದಿದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ, ನಿಜವಾದ ದೋಷವಿದ್ದಾಗ ಸರ್ವಿಸ್ ಸೆಂಟರ್‌ನಲ್ಲಿ ನಿಮ್ಮ ಮಾತಿಗೆ ತೂಕವೂ ಬರುತ್ತದೆ.

ಸಾಫ್ಟ್‌ವೇರ್ ಏನೆಲ್ಲ ಬದಲಿಸಬಲ್ಲದು?

ಟಾಟಾ ಮೋಟರ್ಸ್ 2022ರ ಜುಲೈನಲ್ಲಿ ನೆಕ್ಸಾನ್ ಇವಿ ಪ್ರೈಮ್ ತಂದಾಗ, ಅದರಲ್ಲಿದ್ದ ಹಲವು ಹಂತಗಳ ರೀಜೆನ್ ಬ್ರೇಕಿಂಗ್ (ವೇಗ ತಗ್ಗುವಾಗ ಬ್ಯಾಟರಿಗೆ ಚಾರ್ಜ್ ಮರಳಿಸುವ ವ್ಯವಸ್ಥೆ) ಮತ್ತು ಕ್ರೂಸ್ ಕಂಟ್ರೋಲ್ ಸೌಲಭ್ಯಗಳನ್ನು ಹಳೆಯ ನೆಕ್ಸಾನ್ ಇವಿ ಮಾಲೀಕರಿಗೂ ಸಾಫ್ಟ್‌ವೇರ್ ಮೂಲಕ ಉಚಿತವಾಗಿ ಕೊಟ್ಟಿತು. 2023ರ ಆರಂಭದಲ್ಲಿ ನೆಕ್ಸಾನ್ ಇವಿ ಮ್ಯಾಕ್ಸ್‌ನ ಪ್ರಮಾಣಿತ ರೇಂಜ್ 437 ಕಿ.ಮೀ.ಯಿಂದ 453 ಕಿ.ಮೀ.ಗೆ ಏರಿತು. ಆಗಲೇ ಕಾರು ಕೊಂಡಿದ್ದವರು ಫೆಬ್ರುವರಿಯಿಂದ ಡೀಲರ್ ಬಳಿ ಹೋಗಿ ಆ ಅಪ್‌ಡೇಟ್ ಹಾಕಿಸಿಕೊಂಡರು. ಬ್ಯಾಟರಿ ಅದೇ, ಮೋಟರ್ ಅದೇ. ಬದಲಾದದ್ದು ಅವನ್ನು ನಡೆಸುವ ಲೆಕ್ಕಾಚಾರ.

ದೂರದಿಂದಲೇ ಕಾರನ್ನು ತಲುಪುವ ಯೋಚನೆ ಬೆಂಗಳೂರಿಗೆ ಹೊಸದಲ್ಲ. ಇಲ್ಲಿನ ರೇವಾ ಕಂಪನಿ 2009ರಲ್ಲೇ ‘ರಿವೈವ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ದಾರಿಯಲ್ಲಿ ಚಾರ್ಜ್ ಮುಗಿಯುತ್ತ ಬಂದರೆ ಕಂಪನಿಗೆ ಕರೆ ಮಾಡಬೇಕು ಇಲ್ಲವೇ ಎಸ್ಸೆಮ್ಮೆಸ್ ಕಳುಹಿಸಬೇಕು. ಬ್ಯಾಟರಿಯಲ್ಲಿ ಕಾದಿಟ್ಟ ಅಷ್ಟಿಷ್ಟು ಚಾರ್ಜನ್ನು ಅವರು ದೂರದಿಂದಲೇ ಬಿಡುಗಡೆ ಮಾಡುತ್ತಿದ್ದರು. 2013ರಲ್ಲಿ ಬಂದ ಮಹೀಂದ್ರ ಇ2ಒ ಕಾರಿನಲ್ಲೂ ಅದಿತ್ತು.

ಸಾಫ್ಟ್‌ವೇರ್ ಬ್ರೇಕ್‌ವರೆಗೂ ಇಳಿಯುತ್ತದೆ. 2018ರಲ್ಲಿ ಅಮೆರಿಕದ ಕನ್ಸೂಮರ್ ರಿಪೋರ್ಟ್ಸ್ ಸಂಸ್ಥೆಯ ಪರೀಕ್ಷೆಯಲ್ಲಿ ಟೆಸ್ಲಾ ಮಾಡೆಲ್ 3, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ಅಪ್‌ಡೇಟ್ ಬಂತು, ದೂರ 133 ಅಡಿಗೆ ಇಳಿಯಿತು.

ಇನ್ನೊಂದು ಮುಖವೂ ಇದೆ. 2019ರ ಅಪ್‌ಡೇಟ್‌ ಒಂದರ ನಂತರ ಬ್ಯಾಟರಿಯ ಗರಿಷ್ಠ ವೋಲ್ಟೇಜ್ ಇಳಿಯಿತೆಂದು ಅಮೆರಿಕದ ಕೆಲವು ಟೆಸ್ಲಾ ಮಾಡೆಲ್ ಎಸ್ ಮಾಲೀಕರು ಮೊಕದ್ದಮೆ ಹೂಡಿದರು. 2021ರಲ್ಲಿ ಅದು 15 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. 2023ರ ನವೆಂಬರ್‌ನಲ್ಲಿ ರಿವಿಯನ್ ಕಂಪನಿ ತಪ್ಪು ಭದ್ರತಾ ಪ್ರಮಾಣಪತ್ರವಿದ್ದ ಅಪ್‌ಡೇಟ್ ಕಳುಹಿಸಿದ್ದರಿಂದ ಕೆಲವು ವಾಹನಗಳ ಪರದೆಗಳು ಕೆಲಸ ನಿಲ್ಲಿಸಿದವು. 2019ರ ಜನವರಿಯಲ್ಲಿ ಬೀಜಿಂಗ್‌ನ ಮುಖ್ಯರಸ್ತೆಯ ವಾಹನದಟ್ಟಣೆಯ ನಡುವೆ ನಿಯೋ ಕಾರೊಂದು ಅಪ್‌ಡೇಟ್ ಆರಂಭಿಸಿ ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ನಿಂತುಬಿಟ್ಟಿತ್ತು. ಹಾಗೆಂದು ಅಪ್‌ಡೇಟನ್ನೇ ದೂರವಿಡಬೇಕಿಲ್ಲ. ಕ್ರಮಬದ್ಧವಾಗಿ ಹಾಕಿಸಿಕೊಂಡರೆ ಸಾಕು.

ಹಂತ 1: ಯಾವ ಭಾಗದ ಅಪ್‌ಡೇಟ್ ಎಂದು ತಿಳಿಯಿರಿ

ಕಾರಿನಲ್ಲಿ ಒಂದೇ ಕಂಪ್ಯೂಟರ್ ಇರುವುದಿಲ್ಲ. ಹಾಡು, ಮ್ಯಾಪ್, ಕ್ಯಾಮೆರಾ ತೋರಿಸುವ ಪರದೆಗೆ ಒಂದು. ಬ್ಯಾಟರಿಯನ್ನು ಕಾಯುವ ಬಿಎಂಎಸ್‌ಗೆ ಒಂದು. ಮೋಟರ್, ಚಾರ್ಜರ್, ಬ್ರೇಕ್‌ಗಳಿಗೆ ಪ್ರತ್ಯೇಕವಾದವು. ಪರದೆಯ ಅಪ್‌ಡೇಟ್‌ನಿಂದ ರೇಂಜ್ ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಬಿಎಂಎಸ್ ಅಥವಾ ಮೋಟರ್ ನಿಯಂತ್ರಕದ ಅಪ್‌ಡೇಟ್ ಆದರೆ ರೇಂಜ್, ಚಾರ್ಜಿಂಗ್ ವೇಗ, ಪಿಕಪ್, ರೀಜೆನ್ ಎಲ್ಲವೂ ಬದಲಾಗಬಹುದು.

ಪರದೆಯ ಅಪ್‌ಡೇಟ್ ಸಾಮಾನ್ಯವಾಗಿ ಮೊಬೈಲ್ ಜಾಲ ಅಥವಾ ವೈಫೈ ಮೂಲಕ ಬರುತ್ತದೆ. ಒಳಗಿನ ನಿಯಂತ್ರಕಗಳದ್ದನ್ನು ಹಲವು ಮಾಡೆಲ್‌ಗಳಲ್ಲಿ ಈಗಲೂ ಸರ್ವಿಸ್ ಸೆಂಟರ್‌ನಲ್ಲೇ, ಕೇಬಲ್ ಜೋಡಿಸಿ ಹಾಕುತ್ತಾರೆ. ಆಗ ‘ಯಾವ ಭಾಗದ್ದು, ಏನು ಬದಲಾಗುತ್ತದೆ’ ಎಂದು ಕೇಳಿ, ಜಾಬ್ ಕಾರ್ಡ್‌ನಲ್ಲಿ ಹಳೆಯ ಮತ್ತು ಹೊಸ ಆವೃತ್ತಿಯ ಸಂಖ್ಯೆ ಬರೆಸಿಕೊಳ್ಳಿ. ಸರ್ವಿಸ್‌ಗೆ ಬಿಟ್ಟ ಕಾರಿಗೆ ಮಾಲೀಕರಿಗೆ ಹೇಳದೆಯೇ ಅಪ್‌ಡೇಟ್ ಹಾಕಿ ಕಳುಹಿಸುವುದುಂಟು. ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್‌ನಿಂದ, ಪರಿಚಿತರು ಕೊಟ್ಟ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಹಾಕಲೇಬೇಡಿ. ಕಾರಿನ ಪರದೆ, ಕಂಪನಿಯ ಅಧಿಕೃತ ಆ್ಯಪ್ ಅಥವಾ ಜಾಲತಾಣ, ಅಧಿಕೃತ ಸರ್ವಿಸ್ ಸೆಂಟರ್, ಇಷ್ಟೇ ನಂಬಲರ್ಹ ಮೂಲಗಳು.

ಹಂತ 2: ಹಳೆಯ ಸ್ಥಿತಿಯನ್ನು ದಾಖಲಿಸಿ

ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ಮುಖ್ಯ ಹಂತ ಇನ್ನೊಂದಿಲ್ಲ. ಮೊಬೈಲ್‌ನಲ್ಲಿ ಕೆಲವು ಫೋಟೊ ತೆಗೆದರೆ ಸಾಕು:

• ಈಗಿನ ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆ, ಓಡೊಮೀಟರ್ ಓದು
• ಬ್ಯಾಟರಿ ಶೇಕಡಾವಾರು ಮತ್ತು ಅದೇ ಕ್ಷಣದಲ್ಲಿ ಕಾರು ತೋರಿಸುವ ರೇಂಜ್
• ದಿನವೂ ಓಡಾಡುವ ದಾರಿಯಲ್ಲಿ ಎಷ್ಟು ಕಿ.ಮೀ.ಗೆ ಎಷ್ಟು ಶೇಕಡಾ ಇಳಿಯಿತು
• ಫಾಸ್ಟ್ ಚಾರ್ಜರ್‌ನಲ್ಲಿ ಶೇ 30ರಿಂದ ಶೇ 80 ತಲುಪಲು ಹಿಡಿದ ಸಮಯ
• ರೀಜೆನ್ ಹಂತ, ಡ್ರೈವ್ ಮೋಡ್, ಚಾರ್ಜ್ ಮಿತಿ, ಚಾರ್ಜಿಂಗ್ ವೇಳಾಪಟ್ಟಿ ಮುಂತಾದ ಸೆಟ್ಟಿಂಗ್‌ಗಳು

ಹಂತ 3: ತಕ್ಷಣವೋ, ತುಸು ಕಾಯುವುದೋ?

ಬ್ರೇಕ್, ಬ್ಯಾಟರಿ ಸುರಕ್ಷತೆ, ಓಡುವಾಗ ಶಕ್ತಿ ಕಡಿತದಂಥ ದೋಷ ಸರಿಪಡಿಸುವ ಅಪ್‌ಡೇಟ್ ಅಥವಾ ರೀಕಾಲ್ ಆದರೆ ತಡಮಾಡಬೇಡಿ. ಹೊಸ ಥೀಮ್, ಹೊಸ ಆ್ಯಪ್, ಸಣ್ಣಪುಟ್ಟ ಸೌಲಭ್ಯಕ್ಕಾದರೆ ಒಂದೆರಡು ವಾರ ಕಾಯುವುದರಲ್ಲಿ ನಷ್ಟವಿಲ್ಲ. ಕಂಪನಿಗಳೇ ಎಲ್ಲ ಕಾರುಗಳಿಗೂ ಒಟ್ಟಿಗೆ ಕಳುಹಿಸದೆ ತಂಡ ತಂಡವಾಗಿ ಬಿಡುವುದುಂಟು. ಮೊದಲ ತಂಡದಲ್ಲಿ ಸಿಕ್ಕ ದೋಷ ಮುಂದಿನ ತಂಡಕ್ಕೆ ತಲುಪದಿರಲಿ ಎಂಬುದು ಅದರ ಉದ್ದೇಶ. ನಾಳೆ ಬೆಳಿಗ್ಗೆ ಧರ್ಮಸ್ಥಳಕ್ಕೋ ಹುಬ್ಬಳ್ಳಿಗೋ ಹೊರಡುವುದಿದ್ದರೆ ಇವತ್ತು ರಾತ್ರಿ ಅಪ್‌ಡೇಟ್ ಬೇಡ. ಮರಳಿ ಬಂದ ಮೇಲೆ ಆಗಲಿ. ಹಿಂದಿನ ಆವೃತ್ತಿಗೆ ಮರಳುವ ಆಯ್ಕೆ ಮಾಲೀಕರ ಕೈಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ನೆನಪಿರಲಿ.

ಹಂತ 4: ಜಾಗ, ಸಮಯ, 12 ವೋಲ್ಟ್ ಬ್ಯಾಟರಿ

ಅಪ್‌ಡೇಟ್ ನಡೆಯುವಾಗ ಕಾರನ್ನು ಕದಲಿಸಲಾಗದು. ಮನೆಯ ಪಾರ್ಕಿಂಗ್ ಅತ್ಯುತ್ತಮ. ಅಪಾರ್ಟ್‌ಮೆಂಟ್‌ನಲ್ಲಿ ಒಂದರ ಹಿಂದೆ ಒಂದು ಕಾರು ನಿಲ್ಲಿಸುವ ವ್ಯವಸ್ಥೆಯಿದ್ದರೆ ಹಿಂದಿನ ಕಾರಿನವರಿಗೆ ಮೊದಲೇ ತಿಳಿಸಿ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗದಿದ್ದರೆ ಡೌನ್‌ಲೋಡ್ ಪೂರ್ತಿಯಾಗುವವರೆಗೆ ಹೊರಗೆ ನಿಲ್ಲಿಸಿ, ಇನ್‌ಸ್ಟಾಲ್ ಮಾತ್ರ ಒಳಗೆ ಮಾಡಿ.

ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಕಾರಿನ ಕಂಪ್ಯೂಟರ್‌ಗಳಿಗೆ ವಿದ್ಯುತ್ ಕೊಡುವುದು 12 ವೋಲ್ಟ್‌ನ ಸಣ್ಣ ಬ್ಯಾಟರಿ. ಅಪ್‌ಡೇಟ್ ಅರ್ಧದಲ್ಲಿರುವಾಗ ಅದು ಸೋತರೆ ನಿಯಂತ್ರಕ ಅತ್ತ ಹಳೆಯದೂ ಅಲ್ಲದ, ಇತ್ತ ಹೊಸದೂ ಅಲ್ಲದ ಸ್ಥಿತಿಯಲ್ಲಿ ಸಿಕ್ಕಿಬೀಳಬಹುದು. ಕಾರು ಹಲವು ದಿನ ನಿಂತಲ್ಲೇ ನಿಂತಿದ್ದರೆ, ಸಣ್ಣ ಬ್ಯಾಟರಿಗೆ ಮೂರ್ನಾಲ್ಕು ವರ್ಷ ದಾಟಿದ್ದರೆ, ಮೊದಲು ಅದನ್ನು ಪರೀಕ್ಷಿಸಿ. ಅಪ್‌ಡೇಟ್‌ಗೆ ಮುನ್ನ ಅರ್ಧ ಗಂಟೆ ಕಾರು ಓಡಿಸಿ ಬಂದರೆ ಅದಕ್ಕೂ ಚಾರ್ಜ್ ಸಿಗುತ್ತದೆ. ಪ್ಲಗ್ ಹಾಕಿರಬೇಕೋ ತೆಗೆದಿರಬೇಕೋ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪರದೆಯ ಸೂಚನೆಯನ್ನೇ ಪಾಲಿಸಿ.

ಹಂತ 5: ನಡೆಯುತ್ತಿರುವಾಗ ತಾಳ್ಮೆ

ಬಾಗಿಲು ತೆರೆದು ಮುಚ್ಚುವುದು, ಕೀ ಒತ್ತುವುದು, ಆ್ಯಪ್‌ನಿಂದ ಎಸಿ ಹಾಕುವುದು ಬೇಡ. ಪರದೆ ಕಪ್ಪಾಗುವುದು, ರಿಲೇ ‘ಟಕ್’ ಎನ್ನುವುದು, ಫ್ಯಾನ್ ತಿರುಗುವುದು ಸಹಜ. ಅನೇಕ ನಿಯಂತ್ರಕಗಳಲ್ಲಿ ಹಳೆಯ ಮತ್ತು ಹೊಸ ಸಾಫ್ಟ್‌ವೇರ್‌ಗೆ ಪ್ರತ್ಯೇಕ ಜಾಗ ಇರುತ್ತದೆ. ಹೊಸದು ಸರಿಯಾಗಿ ಕೂರದಿದ್ದರೆ ಕಾರು ತಾನೇ ಹಳೆಯದಕ್ಕೆ ಮರಳುತ್ತದೆ. ಸೂಚಿಸಿದ ಸಮಯಕ್ಕಿಂತ ಬಹಳ ಹೊತ್ತಾದರೂ ಮುಗಿಯದಿದ್ದರೆ ಸಹಾಯವಾಣಿಗೆ ಕರೆ ಮಾಡಿ. ನೀವಾಗಿ 12 ವೋಲ್ಟ್ ಬ್ಯಾಟರಿಯ ತಂತಿ ಕಳಚಬೇಡಿ.

ಹಂತ 6: ರಸ್ತೆಗಿಳಿಯುವ ಮುನ್ನ ಪರೀಕ್ಷೆ

ಅಪ್‌ಡೇಟ್ ಮುಗಿದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಉಳಿದಿದೆಯೇ ನೋಡಿ. ದೀಪಗಳು, ವೈಪರ್, ಹಾರ್ನ್, ಹಿಂಬದಿ ಕ್ಯಾಮೆರಾ ಪರೀಕ್ಷಿಸಿ. ರೀಜೆನ್ ಹಂತವನ್ನು ಮರೆಯಬೇಡಿ: ಮೊದಲು 3ರಲ್ಲಿ ಓಡಿಸುತ್ತಿದ್ದವರಿಗೆ ಅಪ್‌ಡೇಟ್ ನಂತರ 1ಕ್ಕೆ ಇಳಿದಿದ್ದರೆ, ಕಾಲು ತೆಗೆದಾಗ ಕಾರು ನಿರೀಕ್ಷಿಸಿದಷ್ಟು ನಿಧಾನವಾಗದು. ಮೊದಲ ಓಟ ಖಾಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಇರಲಿ. ಫೋನ್ ಜೋಡಣೆ ಕೈಕೊಟ್ಟರೆ ಫೋನ್ ಮತ್ತು ಕಾರು ಎರಡರಲ್ಲೂ ಹಳೆಯ ಬ್ಲೂಟೂತ್ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿ. ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ. ಒಮ್ಮೆ ಮನೆಯಲ್ಲಿ, ಒಮ್ಮೆ ಫಾಸ್ಟ್ ಚಾರ್ಜರ್‌ನಲ್ಲಿ ಚಾರ್ಜ್ ಮಾಡಿ ನೋಡಿದ ಮೇಲೆಯೇ ದೂರದ ಪ್ರಯಾಣ.

ಹಂತ 7: ರೇಂಜ್ ಅಳೆಯುವ ಸರಿಯಾದ ದಾರಿ

ಮರುದಿನ ಬೆಳಿಗ್ಗೆ ಪರದೆಯಲ್ಲಿ ಕಂಡ ಸಂಖ್ಯೆ ನೋಡಿ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಆ ಸಂಖ್ಯೆ ಇತ್ತೀಚೆಗೆ ನೀವು ಓಡಿಸಿದ ರೀತಿಯನ್ನು ಆಧರಿಸಿದ ಅಂದಾಜು. ಅಪ್‌ಡೇಟ್‌ನಲ್ಲಿ ಆ ನೆನಪು ಅಳಿಸಿಹೋಗಿದ್ದರೆ ಅಂದಾಜು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ಇನ್ನೊಂದು ತೊಡಕಿದೆ. ಅದರ ವೋಲ್ಟೇಜ್ ಚಾರ್ಜಿನ ಬಹುಭಾಗದಲ್ಲಿ ಹೆಚ್ಚೂಕಮ್ಮಿ ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಉಳಿದಿದೆ ಎಂದು ಬಿಎಂಎಸ್‌ಗೆ ಕರಾರುವಾಕ್ಕಾಗಿ ತಿಳಿಯುವುದು ಕಷ್ಟ. ನೆಕ್ಸಾನ್ ಇವಿಯಲ್ಲಿರುವುದು ಇದೇ ಬಗೆಯ ಬ್ಯಾಟರಿ. ಅಪ್‌ಡೇಟ್ ನಂತರ ಮನೆಯ ಚಾರ್ಜರ್‌ನಲ್ಲಿ ಒಂದೆರಡು ಬಾರಿ ಶೇ 100ರವರೆಗೆ ಚಾರ್ಜ್ ಮಾಡಿದರೆ ಲೆಕ್ಕ ತನ್ನ ಜಾಗಕ್ಕೆ ಬರುತ್ತದೆ.

ಆಮೇಲೆ ಸರಳ ಗಣಿತ. 40.5 ಯೂನಿಟ್ (ಕಿಲೋವಾಟ್-ಅವರ್) ಬ್ಯಾಟರಿಯ ಕಾರು 162 ಕಿ.ಮೀ. ಓಡಿದಾಗ ಶೇ 60 ಇಳಿಯಿತು ಎನ್ನಿ. 40.5ರ ಶೇ 60 ಎಂದರೆ 24.3 ಯೂನಿಟ್, ಅಂದರೆ ಪ್ರತಿ ಕಿ.ಮೀ.ಗೆ 150 ವಾಟ್-ಅವರ್. ಅಪ್‌ಡೇಟ್‌ಗೆ ಮೊದಲಿನ ಮತ್ತು ನಂತರದ ಈ ಸಂಖ್ಯೆಗಳನ್ನು ಹೋಲಿಸಿ. ಹೋಲಿಸುವಾಗ ದಾರಿ, ದಿಕ್ಕು, ವೇಗ, ಎಸಿ, ಜನ, ಟೈರ್ ಗಾಳಿ ಎಲ್ಲವೂ ಒಂದೇ ಇರಬೇಕು.

ದಿಕ್ಕಿಗೆ ಏಕೆ ಇಷ್ಟು ಮಹತ್ವ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 1,600 ಕೆ.ಜಿ. ತೂಕದ ಕಾರು ಮಂಗಳೂರಿನಿಂದ ಬೆಂಗಳೂರಿಗೆ ಬರುವಾಗ ಆ ಎತ್ತರ ಏರುವುದಕ್ಕೆಂದೇ ಸುಮಾರು 4 ಯೂನಿಟ್ ಬೇಕು. 40.5 ಯೂನಿಟ್ ಬ್ಯಾಟರಿಯಲ್ಲಿ ಅದು ಹತ್ತನೇ ಒಂದು ಪಾಲು. ಶಿರಾಡಿ ಘಾಟಿ ಇಳಿದು ಹೋದ ಲೆಕ್ಕವನ್ನು ಘಾಟಿ ಹತ್ತಿ ಬಂದ ಲೆಕ್ಕದ ಜೊತೆಗಿಟ್ಟು ‘ಅಪ್‌ಡೇಟ್‌ನಿಂದ ರೇಂಜ್ ಬಿತ್ತು’ ಎಂದರೆ ಸಾಫ್ಟ್‌ವೇರ್‌ಗೆ ಅನ್ಯಾಯ. ಮ್ಯಾಕ್ಸ್‌ನ 437 ಕಿ.ಮೀ. 453 ಆದದ್ದು ಶೇ 4ಕ್ಕಿಂತ ಕಡಿಮೆ ಏರಿಕೆ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಓಡಿಸಿದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು. ಇಂಥ ಸಣ್ಣ ವ್ಯತ್ಯಾಸ ಒಂದೇ ದಿನದ ಓಡಾಟದಲ್ಲಿ ಕಾಣುವುದಿಲ್ಲ, ಕೆಲವು ವಾರಗಳ ಸರಾಸರಿ ಬೇಕು.

ಹಂತ 8: ತೊಂದರೆ ನಿಜವಾಗಿದ್ದರೆ

ಪರದೆಯ ಸಣ್ಣ ದೋಷವಾದರೆ, ಕಾರು ನಿಲ್ಲಿಸಿ ಕೈಪಿಡಿಯಲ್ಲಿ ಹೇಳಿದಂತೆ ಪರದೆಯನ್ನು ರೀಸ್ಟಾರ್ಟ್ ಮಾಡಿ. ಓಡುವಾಗ ಶಕ್ತಿ ಕಡಿತ, ಬ್ರೇಕ್ ವ್ಯತ್ಯಾಸ, ಚಾರ್ಜಿಂಗ್ ನಿಲ್ಲುವುದು ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ತಿಳಿಸಿ. ಮಾತಿನಲ್ಲಿ ಮುಗಿಸದೆ ಇಮೇಲ್ ಕಳುಹಿಸಿ: ದಿನಾಂಕ, ಓಡೊಮೀಟರ್, ಆವೃತ್ತಿ ಸಂಖ್ಯೆ, ಎಚ್ಚರಿಕೆ ದೀಪದ ಫೋಟೊ, ಹಂತ 2ರ ದಾಖಲೆ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಅನೇಕ ಕಾರುಗಳಿಗಿದೆ. ಅಪ್‌ಡೇಟ್ ನಂತರ ಸಾಮರ್ಥ್ಯ ಕುಸಿದಿದೆ ಎನಿಸಿದರೆ ಬ್ಯಾಟರಿ ಆರೋಗ್ಯದ ವರದಿಯನ್ನು ಲಿಖಿತವಾಗಿ ಕೇಳಿ.

ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ತೊಂದರೆ ಉಂಟಾದ ದಿನದಿಂದ 2 ವರ್ಷದ ಕಾಲಾವಕಾಶವಿದೆ.

ಅನುಭವ ಹೇಳಿದರೆ ಪೂರ್ತಿ ಹೇಳಿ

‘ಸೂಪರ್ ಆಗಿದೆ’, ‘ದಂಡ’ ಎಂಬ ಮಾತುಗಳಿಂದ ಮತ್ತೊಬ್ಬ ಮಾಲೀಕರಿಗೆ ಉಪಯೋಗವಿಲ್ಲ. ಕಾರಿನ ಮಾಡೆಲ್ ಮತ್ತು ವರ್ಷ, ಅಪ್‌ಡೇಟ್‌ನ ಸಂಖ್ಯೆ, ಯಾವ ದಾರಿ, ಮೊದಲಿನ ಮತ್ತು ನಂತರದ ಯೂನಿಟ್ ಲೆಕ್ಕ, ಇವಿಷ್ಟನ್ನು ಸೇರಿಸಿ ಹೇಳಿದರೆ ನಿಮ್ಮ ಅನುಭವ ಹತ್ತಾರು ಜನರಿಗೆ ದಾರಿ ತೋರುತ್ತದೆ. ಬೇರೆಯವರು ಹೇಳಿದ್ದನ್ನು ಕೇಳುವಾಗಲೂ ಇವೇ ಪ್ರಶ್ನೆ ಹಾಕಿ.

ಕಂಪನಿಗಳ ಹೊಣೆಯೂ ಇಲ್ಲಿದೆ. ವಾಹನ ಸಾಫ್ಟ್‌ವೇರ್ ಕುರಿತ ವಿಶ್ವಸಂಸ್ಥೆಯ 156ನೇ ನಿಯಮದ ಪ್ರಕಾರ ಅಪ್‌ಡೇಟ್‌ನ ಉದ್ದೇಶ, ಆಗುವ ಬದಲಾವಣೆ, ಹಿಡಿಯುವ ಸಮಯವನ್ನು ಬಳಕೆದಾರರಿಗೆ ಮೊದಲೇ ತಿಳಿಸಬೇಕು, ಯಶಸ್ವಿಯಾಯಿತೋ ಇಲ್ಲವೋ ಎಂಬುದನ್ನೂ ಹೇಳಬೇಕು. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ವಾಹನಗಳಿಗೂ ಇದು ಕಡ್ಡಾಯ. ಭಾರತದಲ್ಲಿ ಅದೇ ಜಾಡಿನಲ್ಲಿ ಎಐಎಸ್-190 ಎಂಬ ಮಾನದಂಡ ರೂಪುಗೊಂಡಿದೆ. ‘ದೋಷ ಪರಿಹಾರ ಮತ್ತು ಸುಧಾರಣೆ’ ಎಂಬ ಒಂದು ಸಾಲಿನ ವಿವರಣೆ ಲಕ್ಷಾಂತರ ರೂಪಾಯಿ ಕೊಟ್ಟವರಿಗೆ ಸಾಲದು. ಏನು ಬದಲಾಯಿತೆಂದು ಸ್ಪಷ್ಟವಾಗಿ, ಕನ್ನಡದಲ್ಲೂ ಬರೆದುಕೊಡಿ ಎಂದು ಮುಂದಿನ ಸರ್ವಿಸ್‌ನಲ್ಲಿ ಪ್ರತಿಯೊಬ್ಬ ಮಾಲೀಕರೂ ಕೇಳಬೇಕು. ಜಾಬ್ ಕಾರ್ಡ್‌ಗೆ ಸಹಿ ಹಾಕುವ ಮುನ್ನವೇ ಕೇಳಬೇಕು.