ಬರೀ ಕಂಠದ ಹಾಡು ಹುಡುಕುವವರಿಗೆ

ವಾದ್ಯವೇ ಇಲ್ಲದೆ ಬರೀ ಕಂಠಗಳಲ್ಲಿ ಕಟ್ಟುವ ಅಕಪೆಲ್ಲಾ ಹಾಡು ಹಿಡಿಸಿತೇ? ಸಂತೋಷ. ಆದರೆ ಪೆಂಟಟಾನಿಕ್ಸ್ ತಂಡವನ್ನು ಕೇಳಿ, ಆಮೇಲೆ ಯೂಟ್ಯೂಬ್ ತಾನಾಗಿ ಬಡಿಸಿದ್ದನ್ನೇ ಕೇಳುತ್ತ ಕೂರಬೇಡಿ. ನೀವು ಆಗಲೇ ಮೆಚ್ಚಿದ್ದರ ತದ್ರೂಪನ್ನೇ ಅದು ಮತ್ತೆ ಮತ್ತೆ ತಂದಿಡುತ್ತದೆ.

ತಂಡದ ಹೆಸರು ಗೊತ್ತಿಲ್ಲದಿದ್ದರೆ ನಾಡು, ಶೈಲಿಯ ಹೆಸರು ಹಾಕಿ ಹುಡುಕಿ. ಸಾರ್ಡೀನಿಯಾ ದ್ವೀಪದ ‘ಕಾಂತು ಅ ತೆನೋರೆ’ ಎಂದು ಹಾಕಿದರೆ ‘ತೆನೋರೆಸ್ ದಿ ಬಿತ್ತಿ’ ಸಿಗುತ್ತದೆ. ನಾಲ್ವರು ಒತ್ತೊತ್ತಾಗಿ ನಿಂತು ಹಾಡುತ್ತಾರೆ. ಮಂದ್ರದವನ ನಾದ ಗಂಟಲಿನಾಳದಿಂದ ಗೊರಗೊರನೆ ಏಳುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಅದು ಸತ್ತೇಹೋಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ, ಮಾರಾಯ್ರೇ.

ಹಳೆಯ ಧ್ವನಿಮುದ್ರಿಕೆಯ ಕರಕರ ಸದ್ದಿಗೆ ಮೂಗು ಮುರಿಯುವುದೂ ಬೇಡ. ಅಮೆರಿಕದ ಗೋಲ್ಡನ್ ಗೇಟ್ ಕ್ವಾರ್ಟೆಟ್ 1937ರಲ್ಲಿ ಧ್ವನಿಮುದ್ರಿಸಿದ ‘ಗೋಲ್ಡನ್ ಗೇಟ್ ಗಾಸ್ಪೆಲ್ ಟ್ರೇನ್’ ಕೇಳಿ: ರೈಲಿನ ಸದ್ದನ್ನು ಬಾಯಲ್ಲೇ ಹೊರಡಿಸಿದ್ದಾರೆ! ಇವತ್ತಿನ ಬೀಟ್‌ಬಾಕ್ಸಿಂಗ್ ಹುಡುಗರು ಸ್ವಲ್ಪ ನಾಚಬೇಕು.

ಹೆಸರು ಬಂದ ಮೇಲಿನದನ್ನಷ್ಟೇ ಕೇಳುವುದು ಇನ್ನೊಂದು ಚಾಳಿ. ದಕ್ಷಿಣ ಆಫ್ರಿಕಾದ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ತಂಡವನ್ನು ಹೊರಜಗತ್ತು ಗುರುತಿಸಿದ್ದು ಗಾಯಕ ಪಾಲ್ ಸೈಮನ್‌ನ 1986ರ ‘ಗ್ರೇಸ್‌ಲ್ಯಾಂಡ್’ ಆಲ್ಬಂನಿಂದ. ಈ ತಂಡದ ಮೊದಲ ಆಲ್ಬಂ ‘ಅಮಾಬುತೊ’ ಬಂದದ್ದು 1973ರಲ್ಲಿ. ಅಲ್ಲಿಂದಲೇ ಶುರುಮಾಡಿ. ಒಂದೇ ಸಲ ಕೇಳಿ ‘ಎಲ್ಲ ಒಂದೇ ಥರ’ ಎನ್ನಬೇಡಿ. ಎರಡನೇ ಸಲ ಕೆಳದನಿಯೊಂದನ್ನೇ ಹಿಂಬಾಲಿಸಿ.