ಗೂಡಿನ ಮುಂದೆ ಎರಡನೆಯ ಶೀಲ



ಪಂಚಶೀಲದ ಎರಡನೆಯ ಶೀಲವನ್ನು ನಾವು ‘ಕದಿಯದಿರುವುದು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಪಾಲಿಯಲ್ಲಿ ಇರುವ ಪದ ‘ಅದಿನ್ನಾದಾನ’. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೆ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು ಎಂಬ ಅರ್ಥ ಕಳ್ಳತನಕ್ಕಿಂತ ದೊಡ್ಡದು. ಇಂದು ಅದನ್ನು ಹಕ್ಕಿಗೂಡಿನ ಮುಂದೆ ಇಟ್ಟು ನೋಡೋಣ.

ಬೇಸಿಗೆ ಬಂತೆಂದರೆ ನಮ್ಮ ಫೋನುಗಳಿಗೆ ಗೂಡಿನ ಫೋಟೋಗಳು ಬರತೊಡಗುತ್ತವೆ. ನಮ್ಮ ತರಗತಿಯ ಹುಡುಗನೊಬ್ಬ ಪಿಕಳಾರದ ಮರಿಗಳ ಫೋಟೋ ತೋರಿಸಿದ. ‘ಅಷ್ಟು ಹತ್ತಿರ ಹೋಗಬಹುದೇನಪ್ಪ?’ ಎಂದು ಕೇಳಿದೆ. ‘ತಾಯಿ ಹಾರಿ ಹೋಗಲೇ ಇಲ್ಲ ಮಿಸ್, ಅದಕ್ಕೇನೂ ತೊಂದರೆ ಆಗಿಲ್ಲ’ ಎಂದ. ದೊಡ್ಡವರು ಹೇಳುವುದೂ ಇದನ್ನೇ.

ಕೊಂಬೆಯ ಮೇಲೆ ಕೂತ ಹಕ್ಕಿಗೆ ನಾವು ಬೇಡವಾದರೆ ಹಾರುತ್ತದೆ. ‘ಬೇಡ’ ಎನ್ನುವ ಅದರ ಭಾಷೆ ಅದು. ಗೂಡಿನಲ್ಲಿರುವ ತಾಯಿಗೆ ಹಾಗೆ ಹೇಳುವ ದಾರಿ ಇಲ್ಲ. ಎದ್ದರೆ ಮೊಟ್ಟೆ, ಮರಿ ಬಿಸಿಲಿಗೋ ಕಾಗೆಗೋ ಸಿಗುತ್ತವೆ. ಹಾಗಾಗಿ ಅದು ಹಾರದೆ ಉಳಿದರೆ ಒಪ್ಪಿತು ಎಂದು ಅರ್ಥವಲ್ಲ.

ದಾಂಡೇಲಿ ಕಾಡಿನ ಮಂಗಟ್ಟೆಯಂತೂ ಹಾರಲೂ ಆಗದ ಸ್ಥಿತಿಯಲ್ಲಿರುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಸಣ್ಣ ಸೀಳು ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ರೆಕ್ಕೆಯ ಗರಿಗಳೂ ಉದುರುತ್ತವೆ. ವಾರಗಟ್ಟಲೆ ಗಂಡು ತಂದುಕೊಟ್ಟದ್ದೇ ಅದರ ಆಹಾರ. ಮರದ ಕೆಳಗೆ ಕ್ಯಾಮೆರಾದವರು ನಿಂತರೆ ಗಂಡು ಹತ್ತಿರ ಬರಲು ಹೆದರುತ್ತದೆ. ನಾವು ಒಳ್ಳೆಯ ಫೋಟೋಕ್ಕಾಗಿ ಕಾಯುವಷ್ಟು ಹೊತ್ತೂ ಒಳಗೆ ಹಸಿವು. ಫೋಟೋದಲ್ಲಿ ಆ ಹಸಿವು ಕಾಣುವುದಿಲ್ಲ.

ನಮ್ಮ ಕಾನೂನೂ ಇದನ್ನು ಗುರುತಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ಅರ್ಥದೊಳಗೆ ಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ.

ಇನ್ನು ಹಂಚುವ ಮಾತು. ‘ಕೆರೆ ಏರಿಯ ಹಿಂದಿನ ಬೇಲಿ’ ಎಂದು ಬರೆದು ಹಾಕಿದರೆ ನಾಳೆ ಇಪ್ಪತ್ತು ಜನ ಅಲ್ಲಿರುತ್ತಾರೆ. ಚೆನ್ನಾಗಿ ಕಾಣಲೆಂದು ಯಾರೋ ಅಡ್ಡ ಬಂದ ಎಲೆ ಕೀಳುತ್ತಾರೆ. ಮರಿಗೆ ನೆರಳೂ ಮರೆಯೂ ಆ ಎಲೆಯೇ. ಜಾಗ ಹೇಳದಿದ್ದರೂ ನಮ್ಮ ‘ಎಷ್ಟು ಚೆಂದ!’ ಎಂಬ ಮೆಚ್ಚುಗೆ ಮತ್ತೊಬ್ಬರನ್ನು ಮತ್ತೊಂದು ಗೂಡು ಹುಡುಕಲು ಕಳಿಸುತ್ತದೆ. ಫಾರ್ವರ್ಡ್ ಮಾಡುವುದೂ ಕರ್ಮವೇ.

ಹಾಗಾದರೆ ಗೂಡು ನೋಡಲೇಬಾರದೇ? ನೋಡಬಹುದು. ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದರೆ ಸಾಕು. ಅಷ್ಟು ದೂರವನ್ನು ಹಕ್ಕಿಗಳೇ ನಮಗೆ ಕೊಟ್ಟಿವೆ. ಅದು ದಿನ್ನ. ಅದನ್ನು ದಾಟಿ ತೆಗೆದುಕೊಂಡದ್ದು ಅದಿನ್ನ.

*ಇಂದಿನ ಅಭ್ಯಾಸ:* ಗೂಡು ಕಂಡರೆ ಬಂದ ದಾರಿಯಲ್ಲೇ ಹಿಂದೆ ಸರಿಯೋಣ. ಗೂಡಿನ ಫೋಟೋ ಬಂದರೆ ಮುಂದೆ ಕಳಿಸದೆ, ಕಳಿಸಿದವರಿಗೆ ಕಾರಣವನ್ನು ಮೃದುವಾಗಿ ತಿಳಿಸೋಣ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ 🙏