ಬಾಡಿಗೆ ಶೌಚಾಲಯ: ಒಪ್ಪಿದ್ದಕ್ಕಿಂತ ಹೆಚ್ಚು ಹಣ ಕೇಳಿದರೆ

ಮನೆಯಂಗಳದಲ್ಲೇ ಮದುವೆ ಮಾಡುವವರು, ತೋಟದ ಮನೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡವರು, ಊರ ಜಾತ್ರೆ ನಡೆಸುವ ಸಮಿತಿಯವರು ಈಗ ಶಾಮಿಯಾನ, ಅಡುಗೆ ಪಾತ್ರೆಗಳ ಜೊತೆಗೆ ಮೊಬೈಲ್ ಟಾಯ್ಲೆಟ್ಟನ್ನೂ ಬಾಡಿಗೆಗೆ ತರಿಸುತ್ತಾರೆ. ಇದು ಆಗಲೇಬೇಕಿದ್ದ ಬದಲಾವಣೆ. ನೂರಾರು ಜನ ಸೇರುವ ಕಡೆ ಹೆಂಗಸರು, ವಯಸ್ಸಾದವರು ನೀರು ಕುಡಿಯಲೂ ಹಿಂಜರಿಯುವ ಸ್ಥಿತಿ ಇರಬಾರದು. ಆದರೆ ಶಾಮಿಯಾನಕ್ಕೆ ಎಷ್ಟಾಗುತ್ತದೆಂಬ ಅಂದಾಜು ಎಲ್ಲರಿಗೂ ಇದೆ, ಟಾಯ್ಲೆಟ್ಟಿನ ಲೆಕ್ಕ ಗೊತ್ತಿರುವವರು ಕಡಿಮೆ. ಫೋನಿನಲ್ಲಿ ‘ದಿನಕ್ಕೆ ಇಷ್ಟು, ಎಲ್ಲ ಸೇರಿ’ ಎಂದದ್ದನ್ನು ನಂಬಿ ಮುಂಗಡ ಕಳಿಸಿರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಗಾಡಿ ಒಯ್ಯಲು ಬಂದವರು ಬೇರೆಯೇ ಲೆಕ್ಕ ಮುಂದಿಡುತ್ತಾರೆ.

ಹೆಚ್ಚುವರಿ ಹಣದ ಬಹುಪಾಲು ಹುಟ್ಟುವುದು ಮಲದ ಟ್ಯಾಂಕಿನಿಂದ. ಟ್ಯಾಂಕಿನ ಅಳತೆಗೆ ಮಿತಿಯಿದೆ. ನೀರು ಧಾರಾಳವಾಗಿ ಬಳಸುವ ನಮ್ಮಲ್ಲಿ ಅದು ನಿರೀಕ್ಷೆಗಿಂತ ಬೇಗ ತುಂಬುತ್ತದೆ. ಮಧ್ಯದಲ್ಲಿ ಸಕ್ಕಿಂಗ್ ಗಾಡಿ ಕರೆಸಬೇಕಾದರೆ ಅದರ ಖರ್ಚು ಯಾರದು? ಬಾಡಿಗೆಯಲ್ಲಿ ಎಷ್ಟು ಸಲ ಖಾಲಿ ಮಾಡುವುದು ಸೇರಿದೆ? ಮುಂಗಡ ಕೊಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂಬುದನ್ನು ನೀವೂ ಮುಚ್ಚಿಡದೆ ಹೇಳಿ. ಇನ್ನೂರು ಜನವೆಂದು ಹೇಳಿ ಐನೂರು ಜನ ಬಂದರೆ ಹೆಚ್ಚುವರಿ ಕೇಳುವ ಹಕ್ಕು ಮಾಲೀಕನಿಗೂ ಇರುತ್ತದೆ.

ಸಕ್ಕಿಂಗ್ ಗಾಡಿಯ ದುಡ್ಡು ಉಳಿಸಲು ಕೂಲಿಯವರನ್ನು ಕರೆದು ಬಕೆಟ್ಟಿನಲ್ಲಿ ತೋಡಿಸುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಮಲವನ್ನು ಕೈಯಿಂದ ಎತ್ತಿಸುವುದನ್ನು, ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಮಲಗುಂಡಿಗೆ ಇಳಿಸುವುದನ್ನು 2013ರ ಮ್ಯಾನುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ ನಿಷೇಧಿಸಿದೆ. ಇದಕ್ಕೆ ಜೈಲು ಶಿಕ್ಷೆಯೂ ಇದೆ. ಕಾನೂನಿನ ಭಯ ಹಾಗಿರಲಿ, ಇನ್ನೊಬ್ಬರ ಮಾನವನ್ನೂ ಜೀವವನ್ನೂ ಪಣಕ್ಕಿಟ್ಟು ಹಣ ಉಳಿಸುವುದು ತಪ್ಪು.

ಎರಡನೆಯ ಗೊಂದಲ ದಿನದ ಲೆಕ್ಕದ್ದು. ಶನಿವಾರ ಸಂಜೆ ತಂದಿಟ್ಟು ಸೋಮವಾರ ಬೆಳಿಗ್ಗೆ ಒಯ್ದರೆ ಅದು ಒಂದು ದಿನವೇ, ಮೂರು ದಿನವೇ? ಗಾಡಿ ಒಯ್ಯುವುದು ಅವರದೇ ಕಾರಣಕ್ಕೆ ತಡವಾದರೆ ಆ ದಿನದ ಬಾಡಿಗೆ ನಿಮ್ಮ ತಲೆಗೆ ಬರಬಾರದು. ಮಲೆನಾಡಿನ ಕಡೆಯವರು ಇನ್ನೊಂದನ್ನು ನೆನಪಿಡಬೇಕು: ಮಳೆಗೆ ಅಂಗಳ ಕೆಸರಾಗಿ ಗಾಡಿ ಹೂತರೆ ಕ್ರೇನ್ ಬಾಡಿಗೆಯನ್ನೂ ಸೇರಿಸುತ್ತಾರೆ. ರಸ್ತೆಯ, ಇಡುವ ಜಾಗದ ಫೋಟೋಗಳನ್ನು ಮೊದಲೇ ಕಳಿಸಿ ಒಪ್ಪಿಗೆ ಪಡೆಯಿರಿ. ಸಾಗಣೆ ಎರಡೂ ಕಡೆಯದು ಸೇರಿದೆಯೇ, ನೀರು ಯಾರು ತುಂಬಿಸಬೇಕು, ಶುಚಿ ನೋಡಿಕೊಳ್ಳುವವರ ಕೂಲಿ ಯಾರದು ಎಂಬುದೂ ಅದೇ ಹೊತ್ತಿಗೆ ಇತ್ಯರ್ಥವಾಗಲಿ.

ಇಷ್ಟಕ್ಕೂ ಛಾಪಾ ಕಾಗದದ ಕರಾರು ಬೇಕಿಲ್ಲ. ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು: “ಎರಡು ಟಾಯ್ಲೆಟ್, ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ, ಒಟ್ಟು ಇಷ್ಟು ರೂಪಾಯಿ. ಹೋಗಿ ಬರುವ ಸಾಗಣೆ, ಎರಡು ಸಲ ಖಾಲಿ ಮಾಡುವುದು, ತೆರಿಗೆ ಎಲ್ಲ ಸೇರಿದೆ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಬೇರೆ ಶುಲ್ಕವಿಲ್ಲ. ಒಪ್ಪಿಗೆಯೇ?” ಅದಕ್ಕೆ ‘ಓಕೆ’ ಎಂಬ ಉತ್ತರ ಬಂದ ಮೇಲೆಯೇ ಮುಂಗಡ ಕಳಿಸಿ. ಇದಕ್ಕೆ ಎಷ್ಟು ಬೆಲೆಯಿದೆ ಎಂದರೆ, ಪರಸ್ಪರ ಒಪ್ಪಿದ ದರಕ್ಕಿಂತ ಹೆಚ್ಚು ವಸೂಲಿ ಮಾಡುವುದನ್ನೇ ದೂರಿಗೆ ಆಧಾರವೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಒಪ್ಪಿದ ದರ ಯಾವುದೆಂದು ತೋರಿಸಲು ಆಗದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಜಿಎಸ್‌ಟಿ ಸೇರಿಸಿದ್ದರೆ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆಯಿರುವ ಬಿಲ್ಲು ಕೇಳಿ. ಆ ಸಂಖ್ಯೆ ನಿಜವೇ ಎಂದು ಜಿಎಸ್‌ಟಿ ಜಾಲತಾಣದಲ್ಲಿ ನೋಡಬಹುದು. ನೋಂದಣಿ ಇಲ್ಲದವರು ಆ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ.

ಬಾಗಿಲು ಮುರಿದಿದೆ, ನಲ್ಲಿ ಹೋಗಿದೆ ಎಂದು ಠೇವಣಿ ಹಿಡಿದುಕೊಳ್ಳುವುದು ಮತ್ತೊಂದು ತಕರಾರು. ಗಾಡಿ ಇಳಿಸಿದಾಗ ಮತ್ತು ಒಯ್ಯುವಾಗ ಚಾಲಕನ ಎದುರಿನಲ್ಲೇ ವಿಡಿಯೊ ಮಾಡಿಕೊಳ್ಳಿ. 1872ರ ಕರಾರು ಕಾಯ್ದೆಯ ಕಲಂ 151 ಮತ್ತು 152ರ ಪ್ರಕಾರ, ಬೇರೆ ಷರತ್ತು ಇಲ್ಲದಿದ್ದರೆ, ಸಾಮಾನ್ಯ ವಿವೇಕವುಳ್ಳವರು ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಿದ್ದರೂ ಆದ ಹಾನಿಗೆ ನೀವು ಹೊಣೆಯಲ್ಲ. ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದಲೇ ತೊಂದರೆಯಾದರೆ, ಆ ದೋಷ ತನಗೆ ತಿಳಿದಿರಲಿಲ್ಲವೆಂದು ಮಾಲೀಕ ಹೇಳಿದರೂ ಕಲಂ 150ರಡಿ ಹೊಣೆ ಅವನದೇ. ದಂಡದ ಮೊತ್ತವನ್ನು ಮೊದಲೇ ಬರೆದಿಟ್ಟಿದ್ದರೂ ಕಲಂ 74ರ ಪ್ರಕಾರ ಸಿಗುವುದು ಸಮಂಜಸ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ಸಹಿ ಹಾಕಿಬಿಟ್ಟೆವೆಂದು ಹೆದರಬೇಕಿಲ್ಲ.

ನೆಂಟರ ಮುಂದೆ ಜಗಳ ಬೇಡವೆಂದು ಕೇಳಿದಷ್ಟು ಕೊಡಬೇಕಾಗಿ ಬಂದರೆ, ನಗದು ಕೊಡದೆ ಯುಪಿಐ ಮೂಲಕ ಕಳಿಸಿ, ಕೂಡಲೇ “ಈ ಹೆಚ್ಚುವರಿ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ, ವಿವರವಾದ ಬಿಲ್ಲು ಕೊಡಿ” ಎಂದು ಸಂದೇಶ ಹಾಕಿ. ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದು ಹಣ ಮರಳಿಸಲು ಗಡುವು ಕೊಡಿ. ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅನೇಕ ತಕರಾರುಗಳು ಅಲ್ಲಿಗೇ ಮುಗಿಯಬಹುದು.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಮಾಲೀಕ ಯಾವ ಊರಿನವನೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೋಂದಣಿಯಾಗದ ಜಾತ್ರಾ ಸಮಿತಿಗೂ ದೂರು ಕೊಡುವ ಅವಕಾಶವಿದೆ. ಆದರೆ ಲಾಭದ ವ್ಯವಹಾರಕ್ಕಾಗಿ ಬಾಡಿಗೆಗೆ ಪಡೆದ ದೊಡ್ಡ ಗುತ್ತಿಗೆದಾರರು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ಕರಾರೇ ಅನ್ಯಾಯದ್ದೆಂದು ಪ್ರಶ್ನಿಸುವುದಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಹೆಚ್ಚುವರಿ ಹಣ ವಾಪಸು ಪಡೆಯಲಷ್ಟೇ ಆದರೆ ಜಿಲ್ಲಾ ಆಯೋಗ ಸಾಕು. ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ನೀವು ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು, ಅಲ್ಲಿಯವರೆಗೆ ಆ ಸಂದೇಶಗಳನ್ನು ಫೋನಿನಿಂದ ಅಳಿಸಬೇಡಿ.